ಮಣ್ಣು ತುಂಬಿದ ಬಳಚು

ಇಪ್ಪತ್ತೊಂದು ವರ್ಷ ಕುಮಟೆಯಲ್ಲಿ ತರ್ಕ ಹೇಳಿಕೊಟ್ಟೆ:
ಒಂದೋ ಹೌದು, ಇಲ್ಲವೋ ಅಲ್ಲ.
ನಡುವೆ ಬಾಗಿಲಿಲ್ಲ, ಕಿಂಡಿಯೂ ಇಲ್ಲ.
ಈಗ ಪರಿಕಲ್ಪನೆ ಎಂದರೇನೆಂದು ಬರೆಯಹೊರಟು
ಎಲ್ಲಿ ತಳಪಾಯ ಅಗೆದರೂ ಉಪ್ಪುನೀರು.

ತದಡಿಯ ಹತ್ತಿರ, ಇಳಿತದ ಹೊತ್ತು.
ಅಘನಾಶಿನಿ ಮುಗಿಯುವಲ್ಲಿ ಗೆರೆ ಎಳೆದೆ,
ಕೊಡೆಯ ತುದಿಯಿಂದ.
ಏಡಿಯೊಂದು ದಾಟಿಹೋಯಿತು,
ಎರಡೂ ಕಡೆ ತನ್ನದೇ ಎಂಬಂತೆ.
ಹಾಗಾದರೆ ಪಾಲಿನಲ್ಲಿ ಹೇಳೋಣ:
ಆರಾಣೆ ನದಿ, ಹತ್ತಾಣೆ ಕಡಲು.
ಅಳೆಯುವ ಸೇರು ಯಾರ ಮನೆಯದು?

ಸೊಂಟಮಟ್ಟದ ನೀರಲ್ಲಿ ಬುದವಂತಿ ಅಂಬಿಗ
ಕಾಲ್ಬೆರಳಲ್ಲಿ ಬಳಚು ಹುಡುಕುತ್ತಾಳೆ.
ಒಂದೊಂದನ್ನೇ ದೋಣಿಯಂಚಿಗೆ ತಟ್ಟಿ,
ಕಿವಿಗೊಟ್ಟು, ಬುಟ್ಟಿಗೆ.
ಒಂದನ್ನು ದಂಡೆಗೆ ಎಸೆದಳು.
“ಬಾಯಿ ಮುಚ್ಚಿಕೊಂಡೇ ಇದೆ, ಸತ್ತಿಲ್ಲವಲ್ಲ?”
“ಸತ್ತಿಲ್ಲ ಅಂದ್ರೆ ಬದ್ಕದೆ ಅಂತನಾ ಮಾಸ್ತರೆ?
ಒಳಗೆ ಬರೀ ಮಣ್ಣು.
ಸಾಯೂಕೆ ಯಾರ್ ಇದ್ರು?”

ಇಲ್ಲ ಎಂಬುದರ ಮುಂದೆ ಇನ್ನೊಂದು ಇಲ್ಲ ಬಂದರೆ
ಕರಿಹಲಗೆಯಲ್ಲಿ ಎರಡನ್ನೂ ಒಟ್ಟಿಗೇ ಒರೆಸಿ
ಎಷ್ಟು ಸಲ ಹೌದು ಎಂದು ಬರೆದಿದ್ದೆ,
ಸುಣ್ಣದ ಪುಡಿ ಊದಿಕೊಂಡು!
ಇವಳ ಹೌದಿಗೆ ಸದ್ದು ಬೇಕು.
ಕೈಗೆ ಸಿಕ್ಕದ್ದು ಇವಳಲ್ಲಿ ನಿಜವಾಗುವುದಿಲ್ಲ.

ಕೊನೆಗೊಂದು ಬಂತು. ತಟ್ಟಿದಳು. ಇನ್ನೊಮ್ಮೆ.
ಅಂಗೈಯಲ್ಲಿ ತುಸು ಹೊತ್ತು ತೂಗಿ
ಬುಟ್ಟಿಗೂ ಹಾಕದೆ ದಂಡೆಗೂ ಎಸೆಯದೆ
ನೀರಿಗೇ ಬಿಟ್ಟಳು.
“ಅದು?”
“ಗೊತ್ತಾಗ್ಲಿಲ್ಲ. ಇರ್ಲಿ.”

ಭರತ ಏರುತ್ತಿತ್ತು. ಗೆರೆ ಯಾವಾಗ ಹೋಯಿತೋ.
ಕೊಡೆಯ ತುದಿಗೆ ಅಂಟಿದ ಕೆಸರು
ಹೊಳೆಯದೋ ಕಡಲಿನದೋ,
ಒರೆಸದೆ ಹಿಡಿದು ನಿಂತಿದ್ದೆ
ಗೋಕರ್ಣದ ಬಸ್ಸು ಬರುವವರೆಗೂ.