ಎರಡಿಂಚು

ಕಲಾಸಿಪಾಳ್ಯದ ಹಿಂದಿನ ಗಲ್ಲಿಯಲ್ಲಿ
ದಸ್ತಗೀರ್ ಸಾಬರು ನನ್ನ ಜೀಪಿನಡಿ ಅರ್ಧ ಮಾಯ.
ಹೊರಗುಳಿದದ್ದು ಎರಡು ಹವಾಯಿ ಚಪ್ಪಲಿ, ಒಂದು ದನಿ:
"ಕಮಾನು ಕೂತೋಗಿದೆ ಮೇಡಂ. ತೊಂಬತ್ತೊಂದರ ಗಾಡಿ.
ನಾವೇನು ಕೂತಿಲ್ವಾ?"

ಸ್ಪ್ಯಾನರಿನಿಂದ ಪ್ಲೇಟುಗಳನ್ನು ಒಂದೊಂದೇ ತಟ್ಟುತ್ತಾರೆ.
ಬಿರುಕು ಬಿಟ್ಟಿದ್ದು ಬೇರೆಯೇ ಸದ್ದಿನಲ್ಲಿ ಒಪ್ಪಿಕೊಳ್ಳುತ್ತದೆ.

ಬೆಳಿಗ್ಗೆ ಜೆ.ಸಿ. ರೋಡಿನಲ್ಲಿ ಟೈರಂಗಡಿಯ ಭರತೇಶ
ಮೂವತ್ಮೂರರ ಟೈರೊಂದನ್ನು ಉರುಳಿಸಿ ತಂದು
ನನ್ನ ಪಕ್ಕ ನಿಲ್ಲಿಸಿದ್ದ, ಹೆಣ್ಣು ತೋರಿಸುವವನ ಹಾಗೆ.
"ನಾಲ್ಕಿಂಚು ಲಿಫ್ಟ್ ಹಾಕ್ಸಿ, ಇದನ್ನ ಏರ್ಸಿ, ಆಮೇಲೆ ನೋಡಿ.
ಸಿಲ್ಕ್ ಬೋರ್ಡ್ ಟ್ರಾಫಿಕ್ಕೆಲ್ಲ ನಿಮ್ಮ ಬಾನೆಟ್ಟಿನ ಕೆಳಗೆ."
ಹೊಸ ರಬ್ಬರಿನ ವಾಸನೆ. ಇನ್ನೂ ಉದುರದ ಸಣ್ಣ ಸಣ್ಣ ಮೀಸೆ.
ನನಗೆ ಆಸೆಯಾಯಿತು, ಸುಳ್ಳೇಕೆ.

ಸಾಬರು ತೆವಳಿ ಹೊರಬಂದು
ಎಣ್ಣೆ ಕುಡಿದ ನೆಲದಲ್ಲಿ ಸೀಮೆಸುಣ್ಣದ ಗೆರೆ ಎಳೆದರು.
"ಲಿಫ್ಟಿಂದ ಏಳೋದು ಮೈ ಮಾತ್ರ.
ಆಕ್ಸಲ್ ನಡುವಿನ ಈ ಗುಂಡು ಇದೆಯಲ್ಲ, ಕಲ್ಲಿಗೆ ಬಡಿಯೋದು,
ಅದು ಇದ್ದಲ್ಲೇ ಇರುತ್ತೆ.
ಎತ್ತಿದ್ರೆ ಟೈರೇ ಎತ್ತಬೇಕು. ಎರಡಿಂಚು ದೊಡ್ಡದು ಹಾಕಿ,
ಗುಂಡಿಗೆ ಸಿಗೋದು ಒಂದೇ ಇಂಚು.
ಇನ್ನೊಂದು ಮೇಲೆ ಹೋಗಿ ಮಡ್‌ಗಾರ್ಡ್ ಹತ್ರ ಜಾಗ ಕೇಳುತ್ತೆ."

ಆಮೇಲೆ ಶಾಫ್ಟು ಓರೆಯಾಗುವುದು,
ಬ್ರೇಕಿನ ಹೋಸು ಸಾಲದಾಗುವುದು,
ನೈಸ್ ರೋಡಿನ ತಿರುವಿನಲ್ಲಿ
ತುಂಬಿದ ಬಿಂದಿಗೆ ಹೊತ್ತವಳ ಹಾಗೆ ಗಾಡಿ ತೂಗುವುದು.
ಅವರು ಹೇಳುತ್ತಲೇ ಇದ್ದರು.
ನಾನು ನನ್ನ ಬೂಟು ನೋಡಿಕೊಳ್ಳುತ್ತಿದ್ದೆ.

ನನ್ನ ಎಡಗಾಲು ಎರಡಿಂಚು ಗಿಡ್ಡ.
ಹನ್ನೊಂದು ವರ್ಷವಾಗಿದ್ದಾಗ ಶಿವಾಜಿನಗರದ ಎಬಿನೇಜರ್
ಕಾರ್ಕಿನ ಅಟ್ಟೆ ಕೊರೆದು, ಅಂಟು ಹಚ್ಚಿ, ಚರ್ಮ ಹೊದಿಸಿ
ನನ್ನನ್ನು ಕನ್ನಡಿಯೆದುರು ನಿಲ್ಲಿಸಿದ.
ಹುಡುಗಿ ನೆಟ್ಟಗಾದಳು ಎಂದರು ಎಲ್ಲ, ಅಂಗಡಿಯಲ್ಲೇ ಚಹಾ ಕುಡಿದರು.
ಆ ರಾತ್ರಿ ಸೊಂಟ ನೋಯಿತು.
ಮರುವಾರ ಬೆನ್ನು, ದಸರಾ ರಜೆಯ ತುಂಬ ಕುತ್ತಿಗೆ.
ಕೆಳಗೊಂದು ಅಟ್ಟೆ ಸೇರಿಸಿದರೆ
ಮೇಲಿನದೆಲ್ಲ ನಿಲ್ಲುವುದನ್ನು ಮೊದಲಿಂದ ಕಲಿಯಬೇಕು
ಎಂದು ಯಾರೂ ಹೇಳಿರಲಿಲ್ಲ.

"ಒಂದೂವರೆ," ಎಂದೆ.
"ಪ್ಲೇಟು ಹೊಸದು, ಬುಶ್ಶು ಹೊಸದು, ಉದ್ದದ ಶ್ಯಾಕಲ್ ಬೇಡ. ಟೈರು ಮೂವತ್ತೊಂದು."
ಸಾಬರು ಕೈ ಒರೆಸಿಕೊಂಡರು, ಒರೆಸಿದ ಬಟ್ಟೆಯನ್ನೂ ಒಮ್ಮೆ ನೋಡಿದರು.
"ಭರತೇಶನ ಮುಖ ಸಪ್ಪಗಾಗುತ್ತೆ."
"ಆಗಲಿ. ಗಾಡಿ ಹತ್ತೋಳು ನಾನು."

ಒಂಬತ್ತು ದಿನ ಎಂದವರು ಇಪ್ಪತ್ತೆರಡಕ್ಕೆ ಕೊಟ್ಟರು.
ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರು ಎಲ್ಲೋ ಉಜ್ಜುತ್ತದೆ;
ಪೂರ್ತಿ ತಿರುಗಿಸುವುದಿಲ್ಲ.
ಎರಡನೇ ಗೇರು ಮೊದಲಿಗಿಂತ ಸೋಮಾರಿ.

ಕಾಲೇಜಿನ ಲ್ಯಾಬಿನಲ್ಲಿ ಮೂವತ್ತು ವರ್ಷ
ಹುಡುಗರ ರೀಡಿಂಗು ತಿದ್ದಿದವಳು,
ರಸೀದಿಯ ಬೆನ್ನ ಮೇಲೆ ಲೆಕ್ಕ ಹಾಕಿದೆ:
ನೂರು ಕಿಲೋಮೀಟರು ಓಡಿದರೆ
ಮೀಟರು ಎಣಿಸುವುದು ತೊಂಬತ್ಮೂರೂವರೆ.
ಉಳಿದ ಆರೂವರೆ ಯಾರ ಖಾತೆಗೂ ಇಲ್ಲ.
ತಿದ್ದಿಸಿಕೊಡಲೇ ಎಂದರು ಸಾಬರು.
ಬೇಡ, ಇರಲಿ.

ಹನುಮಂತನಗರದ ಇಳಿಜಾರಿನಲ್ಲಿ
ಬಣ್ಣವಿಲ್ಲದ, ರಾತ್ರೋರಾತ್ರಿ ಹುಟ್ಟಿದ ಹಂಪು;
ಪ್ರತಿ ಸಲ ಹೊಟ್ಟೆ ಕೆರೆಸುತ್ತಿದ್ದದ್ದು.
ಉಸಿರು ಹಿಡಿದೆ. ಗುಂಡು ದಾಟಿತು, ಸದ್ದಿಲ್ಲ.

ಕ್ಲಚ್ಚಿನ ಮೇಲೆ ತೇಗದ ತುಂಡೊಂದಿದೆ, ಎರಡಿಂಚು ದಪ್ಪ.
ಹನ್ನೆರಡು ವರ್ಷದ ಹಿಂದೆ ಸಾಬರು
ಕೇಳದೆಯೇ ಕೂರಿಸಿದ್ದು, ಬಿಲ್ಲಿನಲ್ಲಿ ಬರೆಯದೆ.
ನಡುವೆ ನನ್ನ ಹಿಮ್ಮಡಿಯಷ್ಟೇ ಸವೆದಿದೆ.
ಗಾಡಿಯಲ್ಲಿ ನಾನು ಬರಿಗಾಲು.
ಬೂಟು ಪಕ್ಕದ ಸೀಟಿನಲ್ಲಿ ಕೂತು ಬರುತ್ತದೆ,
ಲೇಸು ಬಿಚ್ಚಿಕೊಂಡು, ಕಿಟಕಿಯ ಕಡೆಗೆ ವಾಲಿ.