ಒಂದು ದಿನವೂ ಬಿಡದೆ

ಜಾರ್ಜ್‌ಟೌನ್ ಗ್ರಂಥಾಲಯದಲ್ಲಿ ಇರುವುದೊಂದೇ ಕಂಪ್ಯೂಟರ್.
ಅದರೆದುರು ಕೆಲ್ರಾನ್ ಬಾಪ್ಟಿಸ್ಟ್,
ಉಗುರಿನ ಸಂದಿಯಲ್ಲಿ ದೋಣಿ ಎಂಜಿನ್ನಿನ ಗ್ರೀಸು.
ಬ್ರಿಟನ್ನಿನ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಬೇಕಂತೆ.
ಒಂದೇ ಬೆರಳಲ್ಲಿ ಒತ್ತುತ್ತಾನೆ,
ಕೋಳಿ ಕಾಳು ಹೆಕ್ಕಿದ ಹಾಗೆ.

ಹೆಸರಾಯಿತು, ಎತ್ತರವಾಯಿತು, ಹಲ್ಲಿನ ಲೆಕ್ಕವೂ ಆಯಿತು.
ಕಳೆದ ಐದು ವರ್ಷ ಎಲ್ಲೆಲ್ಲಿದ್ದಿರಿ?
ಒಂದು ದಿನವೂ ಬಿಡದೆ ತುಂಬಿ.

ತಿರುಗಿ ನನ್ನನ್ನೇ ಕೇಳಿದ:
"ಮಿಸ್ ಇಯೊಲಾ, ಬೆಟ್ಟ ಸಿಡಿದ ರಾತ್ರಿ
ಚಿಕ್ಕಪ್ಪನ ದೋಣಿಯಲ್ಲಿ ಮಲಗಿದ್ದೆವಲ್ಲ,
ದೋಣಿಗೆ ಮನೆ ನಂಬರು ಏನಂತ ಬರೀಲಿ?"

ಆಮೇಲೆ ಶಾಲೆಯ ಕೋಣೆ, ಐದು ವಾರ;
ಕಪ್ಪುಹಲಗೆಗೆ ದುಪ್ಪಟಿ ಕಟ್ಟಿ
ಅವನಮ್ಮ ಗೋಡೆ ಮಾಡಿಕೊಂಡಿದ್ದಳು.
ಎಲ್ಲ ಬರೆದ.
ಬೂದಿ ಗುಡಿಸಿದ್ದನ್ನೂ ಬರೆಯಹೊರಟ, ಜಾಗ ಸಾಲಲಿಲ್ಲ.

ಕೊನೆಯ ಪುಟ ತೆರೆದದ್ದು ಆಗ:
ಅರ್ಜಿದಾರರು ಈ ಐದೂ ವರ್ಷ
ಬ್ರಿಟನ್ನಿನಲ್ಲೇ ವಾಸವಿದ್ದಿರಬೇಕು.

ಫ್ಯಾನು ಕಿರುಗುಟ್ಟಿತು.
ನಕ್ಕನೋ ಏನೋ, ಗೊತ್ತಾಗಲಿಲ್ಲ.
"ಪ್ರಿಂಟಿಗೆಷ್ಟು?"
"ಪುಟಕ್ಕೆ ಐವತ್ತು ಸೆಂಟು."

ಹನ್ನೊಂದು ಪುಟ ತೆಗೆಸಿ
ಮಡಚದೆ ಅಂಗಿಯೊಳಗಿಟ್ಟುಕೊಂಡ.
ಅಮ್ಮನಿಗೆ ತೋರಿಸಬೇಕಂತೆ.
"ನಾವು ಎಲ್ಲೆಲ್ಲಿದ್ದೆವು ಅಂತ
ಇಲ್ಲೀತನಕ ಯಾರೂ ಕೇಳಿರಲಿಲ್ಲ" ಅಂದ.