ಲೈನಿನಲ್ಲೊಂದು ಕರಡಿ

ಅಂಗಡಿಯಲ್ಲಾದರೆ ಕೈ ಇದೆ.
ಒಂದು ಬೆರಳಿಗೆ ಒಂದು ಬ್ರೆಡ್ಡು,
ಹುಬ್ಬೇರಿಸಿದರೆ ಬೆಲೆಯೆಷ್ಟು ಅಂತ.
ಫೋನಿಗೆ ಕೈಯಿಲ್ಲ, ಹುಬ್ಬಿಲ್ಲ,
ಇತ್ತ ನಾನು ತಲೆಯಾಡಿಸಿದ್ದು
ಅತ್ತ ಬರೀ ಮೌನ.
ಮೊದಲ ವರ್ಷವೆಲ್ಲ ಅದು ಬಡಿದುಕೊಂಡಾಗ
ದಿಂಬಿನ ಕೆಳಗೆ ತುರುಕಿ ಮೇಲೆ ಕೂರುತ್ತಿದ್ದೆ,
ಗ್ಯಾಸಿನವರೋ, ಮನೆಯ ಮಾಲೀಕನೋ,
ಯಾರಾದರೂ ಸುಮ್ಮನಾಗಲೇಬೇಕಲ್ಲ.

ಅದಕ್ಕೇ ಮಿಸೆಸ್ ಥ್ವೇಟ್ ನಮ್ಮನ್ನು
ಬೆನ್ನಿಗೆ ಬೆನ್ನು ಕೂರಿಸುತ್ತಾಳೆ
ಮಂಗಳವಾರ ಸಂಜೆ, ಹಲ್ ಊರಿನ
ಲೈಬ್ರರಿಯ ಹಿಂದಿನ ಕೋಣೆಯಲ್ಲಿ.
ಇಪ್ಪತ್ತೊಂದು ವರ್ಷ ಎಕ್ಸ್‌ಚೇಂಜಿನಲ್ಲಿ ಕೂತು
ಮನೆಗೆ ಮನೆ ಪೋಣಿಸಿದವಳು.
ಈ ಊರಿನ ಫೋನ್ ಡಬ್ಬಿಗಳು ಕೆಂಪಲ್ಲ, ಕೆನೆಬಣ್ಣ;
ಅದನ್ನು ಹೇಳುವಾಗ ಅವಳ ಕತ್ತು
ಒಂದಂಗುಲ ಉದ್ದವಾಗುತ್ತದೆ.

ನನ್ನ ಬೆನ್ನಿಗೆ ನುಗ್ಜಾರ್, ಜಾರ್ಜಿಯಾದ ಬೆಸುಗೆಗಾರ.
ಅವನು ಹಲೋ ಅಂದರೆ ನನ್ನ ಬೆನ್ನುಮೂಳೆ ಗುಡುಗುತ್ತದೆ.
ನಿಜವಾದ ಫೋನಿಗೆ ಆ ಗುಡುಗೂ ಇಲ್ಲ.

ನೋಟ್‌ಬುಕ್ಕಿನ ಎಡಕ್ಕೆ ಅವರ ಮಾತು,
ಬಲಕ್ಕೆ ತಿಗ್ರಿನ್ಯಾದಲ್ಲಿ ನನ್ನ ಅರ್ಥ.
ಹೋಲ್ಡ್ ದ ಲೈನ್: ಹಗ್ಗ ಬಿಡಬೇಡ.
ಹ್ಯಾಂಗ್ ಆನ್: ನೇತಾಡುತ್ತಿರು.
ಯೂ ಆರ್ ಬ್ರೇಕಿಂಗ್ ಅಪ್: ನೀನು ಚೂರುಚೂರಾಗುತ್ತಿದ್ದೀಯ.
ಎಂಥ ಜನ ಇವರು, ಇದನ್ನೆಲ್ಲ
ಮೋಡ ಮುಸುಕಿದೆ ಅನ್ನುವ ಹಾಗೆ ಹೇಳುತ್ತಾರಲ್ಲ!
ಬೇರ್ ವಿತ್ ಮಿ ಬಂದಾಗ ಹೇಮಿನ್ ಕೈಯೆತ್ತಿದ:
"ಕರಡಿ ಎಲ್ಲಿಂದ ಬಂತು?"
ಮಿಸೆಸ್ ಥ್ವೇಟ್ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡಳು.
ಕರಡಿಯಲ್ಲ, ಸ್ವಲ್ಪ ತಾಳು ಅಂತ.
ನಾವು ಮಾತ್ರ ಕರಡಿಯನ್ನೇ ಇಟ್ಟುಕೊಂಡೆವು.

ಒಂದೇ ಒಂದು ಮಾತು ನನ್ನ ಗಂಟಲಿಗೆ ಇಳಿಯಲಿಲ್ಲ.
ಲೆತೆಬ್ರಹಾನ್ ಇದ್ದಾರಾ ಅಂತ ಕೇಳಿದರೆ
ನಾನೇ ಅನ್ನಬಾರದಂತೆ, ಹೂಂ ಅನ್ನಬಾರದಂತೆ,
ಸ್ಪೀಕಿಂಗ್ ಅನ್ನಬೇಕಂತೆ.
ಮಾತಾಡುತ್ತಿದ್ದೇನೆ.
ಇನ್ನೂ ಒಂದಕ್ಷರ ಆಡದವಳು
ಮಾತಾಡುತ್ತಿದ್ದೇನೆ ಅನ್ನುವುದು ಹೇಗೆ?

ಹಲ್ಲಿಗೆ, ಪಾಠ ಮುಗಿಯುವ ತನಕ ತಾಳ್ಮೆ ಇರಲಿಲ್ಲ.
ಮೂರು ರಾತ್ರಿ ಲವಂಗ ಕಚ್ಚಿ
ನಾಲ್ಕನೆಯ ಬೆಳಗ್ಗೆ ಎಂಟಕ್ಕೆ ಸರಿಯಾಗಿ
ಕ್ಯಾರವಾನ್ ಫ್ಯಾಕ್ಟರಿಯ ಮೆಟ್ಟಿಲ ಕೆಳಗೆ,
ಹೊಲಿಯಬೇಕಾದ ಪರದೆಗಳ ಗಂಟಿನ ಮೇಲೆ ಕೂತು
ನಂಬರೊತ್ತಿದೆ.
ಯಂತ್ರ ಹೇಳಿತು: ಸರದಿಯಲ್ಲಿ ನೀವು ಹದಿನೇಳನೆಯವರು.
ಪಿಟೀಲು ಬಾರಿಸಿತು. ಹದಿನಾರು. ಮತ್ತೆ ಪಿಟೀಲು.
ಹಗ್ಗ ಬಿಡಲಿಲ್ಲ. ನೇತಾಡಿದೆ.
ಒಂಬತ್ತಕ್ಕೆ ಇಳಿದಾಗ ಸೂಪರ್‌ವೈಸರ್ ಬಂದು
ಗಡಿಯಾರ ತೋರಿಸಿದ, ನಾನು ಕೆನ್ನೆ ತೋರಿಸಿದೆ.
ಅವನಿಗೂ ಕೈ ಇತ್ತು, ನನಗೂ ಇತ್ತು, ಮಾತು ಮುಗಿಯಿತು.

ಕೊನೆಗೊಂದು ಹೆಣ್ಣುದನಿ. ಹೆಸರು? ಅಕ್ಷರ ಬಿಡಿಸಿ ಹೇಳಿ.
ಇದು ನೋಟ್‌ಬುಕ್ಕಿನಲ್ಲಿ ಇರಲಿಲ್ಲ.
ಎಲ್ ಫಾರ್ ಲೆಂಟಿಲ್, ಅಂದೆ. ಇ ಫಾರ್ ಎಗ್.
ಟಿ ಫಾರ್ ಟೂತ್. ಮತ್ತೊಂದು ಎಗ್.
ಬಿ ಫಾರ್ ಬೇರ್, ಬಾಯಿಗೆ ಬಂದದ್ದೇ ಅದು.
ಆರ್ ಫಾರ್ ರೇನ್. ಎಚ್ ಫಾರ್ ಹಲ್.
ಎ ಫಾರ್ ಅಸ್ಮರಾ.
"ಏನು, ಆಪಲ್ಲಾ?"
ಎರಡಕ್ಕೂ ಒಂದೇ ಅಕ್ಷರ, ಗೊತ್ತು.
ಆದರೂ ಅಂದೆ: ಅಲ್ಲ. ಅಸ್ಮರಾ.
ಎನ್ ಫಾರ್ ನೀಡಲ್.
ಆ ಕಡೆ ಕೀಲಿಗಳ ಚಿಟಪಟ, ಒಂದು ಉಸಿರು,
"ಬೇರ್ ವಿತ್ ಮಿ, ಲವ್."
ಕರಡಿ ಬಂದು ಗಂಟಿನ ಮೇಲೆ ಪಕ್ಕದಲ್ಲಿ ಕೂತಿತು,
ದಪ್ಪ ರೋಮ, ಬೆಚ್ಚನೆ ಮೈ.
ಇಬ್ಬರೂ ಕಾದೆವು.

ಅಷ್ಟರಲ್ಲಿ ಲೈನು ಸತ್ತಿತು.

ಮತ್ತೆ ಹದಿನೇಳರಿಂದ ಅಂದುಕೊಂಡು
ಲಂಗದ ದಾರದ ಎಳೆ ಕೀಳುತ್ತಿದ್ದೆ.
ಫೋನು ಅಂಗೈಯಲ್ಲಿ ತಾನೇ ನಡುಗಿತು.
ಅದೇ ದನಿ, ನನ್ನ ಹೆಸರನ್ನು
ಎಲ್ಲೆಲ್ಲಿ ಮುರಿಯಬಾರದೋ ಅಲ್ಲಲ್ಲೇ ಮುರಿದು,
ಲೆಟ್ಟಿ, ಬ್ರ, ಹ್ಯಾನ್ ಇದ್ದಾರಾ?

ಸ್ಪೀಕಿಂಗ್.

ಗುರುವಾರ ಹತ್ತು ಇಪ್ಪತ್ತಕ್ಕೆ.
ಎಡಗಡೆಯ ಬಾಗಿಲು, ಮುಂದಿನದಲ್ಲ.
ಮುಗಿಸುವ ಮಾತು ಮರೆತೇಹೋಯಿತು,
ಬೈ ಅಂದೆ. ಬೈ ಅಂದಳು. ಬೈ ಬೈ ಅಂದೆ.
ಈ ಊರಲ್ಲಿ ಮೊದಲು ಇಡುವವರು ಯಾರೋ ತಿಳಿಯದೆ
ಇನ್ನೂ ಸ್ವಲ್ಪ ಹೊತ್ತು
ಅನ್ನುತ್ತಲೇ ಇದ್ದೆವು.